ಕೋದಂಡಪ್ಪನ ಭಾನುವಾರದ ಸೈಕಲ್ಲು

“ಸೈಕಲ್ಲು ಅಂದ್ರೆ ಏನು? ಮೇವು ಕೇಳ್ದೆ ಇರೋ ಎತ್ತು ಅಷ್ಟೇಯ. ಅದರ ಮೇಲೆ ಎರಡು ಕ್ಯಾನು ಆಲು ಏರಿಸ್ಬೇಕು, ಬರೋವಾಗ ಒಂದು ಮೂಟೆ ಇಂಡಿ ಏರಿಸ್ಬೇಕು, ಕತ್ತಲಾದ್ರೆ ದೀಪ ಅಚ್ಕೊಂಡು ಮನೆ ಸೇರ್ಬೇಕು. ಅದು ಬಿಟ್ಟು ನಿನ್ನ ತಮ್ಮನೂ ಆ ಊರಿಗಾಂ ಉಡುಗ್ರೂ ಮಾಡೋದು ನೋಡು. ಬೆಲ್ಲು ಬಿಚ್ಚಾಕೋದು, ಸ್ಟ್ಯಾಂಡು ಬಿಚ್ಚಾಕೋದು, ಆಮೇಲೆ ನಿಲ್ಲಿಸಕ್ಕೆ ಗತಿ ಇಲ್ದೆ ಗೋಡೆಗೆ ಒರಗಿಸ್ಬಿಟ್ಟು, ಒಸಾ ಎಂಡ್ತೀನ ನೋಡ್ದಂಗೆ ನೋಡ್ತಾ ಕುಂತ್ಕೊಳ್ಳೋದು. ತುಳಿಯೋದಾದ್ರೂ ಎಂಗೆ, ನೆಲದಾಗೆ ಏನೋ ಕಳ್ಕೊಂಡೋರಂಗೆ ಬಗ್ಕೊಂಡು. ಎಲ್ಲಿಗ್ಲಾ ಓಯ್ತೀರಿ ಅಂದ್ರೆ ಕೋಲಾರಕ್ಕೆ ಅಂತಾರೆ. ಅಲ್ಲೇನ್ಲಾ ಕೆಲ್ಸ ಅಂದ್ರೆ, ಏನೂ ಇಲ್ಲ ಬಾವ, ವಾಪಸ್ಸು ಬರೋದೇ ಕೆಲ್ಸ ಅಂತಾರೆ. ಕೆಲ್ಸ ಇಲ್ದೆ ಕೋಲಾರಕ್ಕೆ ಓಗಿ ಬರೋನ್ಗೆ ಎಣ್ಣು ಯಾರು ಕೊಡ್ತಾರೋ ನಾನೂ ನೋಡ್ತೀನಿ.”

ಐವತ್ತಾರನೆಯ ಇಸವಿಯ ಆಸುಪಾಸಿನಲ್ಲಿ, ಬಂಗಾರಪೇಟೆಯ ಕೂಗಳತೆಯಲ್ಲಿದ್ದ ಹಳ್ಳಿಯ ತನ್ನ ಮನೆಯ ಜಗಲಿಯ ಮೇಲೆ ಕುಳಿತು, ಹೆಂಡತಿ ಸುಬ್ಬಲಕ್ಷ್ಮಮ್ಮನ ಎದುರಿಗೆ ಈ ಮಾತುಗಳನ್ನು ಆಡಿದ ಕೋದಂಡಪ್ಪನೇ ಮುಂದೆ ಐದಾರು ವರ್ಷಗಳಲ್ಲಿ ಬೆಲ್ಲು ಬಿಚ್ಚಿ, ಸ್ಟ್ಯಾಂಡು ಬಿಚ್ಚಿ, ಬಗ್ಗಿ ತುಳಿದು, ಕೆಲಸವಿಲ್ಲದೆ ಕೋಲಾರಕ್ಕೆ ಹೋಗಿಬರುವ ಮನುಷ್ಯನಾದ. ಹೇಗಾದ ಎಂದು ಕೇಳಿದರೆ, ಆಸೆಯಿಂದಲ್ಲ, ಶೋಕಿಯಿಂದಲೂ ಅಲ್ಲ. ಶುದ್ಧವಾದ, ಕಲಬೆರಕೆಯಿಲ್ಲದ ಹೊಟ್ಟೆಕಿಚ್ಚಿನಿಂದ.

ಎತ್ತರದ ಆಳು, ಒಣಗಿದ ಮೈ, ಉದ್ದನೆಯ ಮೊಣಕಾಲು. ನಡೆಯುವಾಗ ತಲೆ ಒಂದಿಷ್ಟು ಪಕ್ಕಕ್ಕೆ ವಾಲಿರುತ್ತಿತ್ತು. ನೆರೆಯವರ ಕಣದಲ್ಲಿ ರಾಗಿ ಎಷ್ಟು ಬಿದ್ದಿದೆ ಎಂದು ನೋಡಿ ನೋಡಿ ಕತ್ತು ಹಾಗೆ ನಿಂತುಬಿಟ್ಟಿತೆಂದು ಊರಿನವರು ಆಡಿಕೊಳ್ಳುತ್ತಿದ್ದರು. ಯಾರು ಏನು ಹೇಳಿದರೂ “ಅದೊಂದು ದೊಡ್ಡದಾ?” ಎನ್ನುವುದು ಅವನ ಬಾಯಿಗೆ ಅಂಟಿದ ಮಾತು. ಇಂಥವರ ಎಮ್ಮೆ ಅವಳಿ ಕರು ಹಾಕಿತಂತೆ ಎಂದರೆ ಅದೊಂದು ದೊಡ್ಡದಾ. ಇಂಥವರ ಮಗ ಮೆಟ್ರಿಕ್ ಪಾಸಾದನಂತೆ ಎಂದರೆ ಅದೊಂದು ದೊಡ್ಡದಾ. ಹಾಗೆಂದು ಕೆಟ್ಟ ಮನುಷ್ಯನಲ್ಲ. ಯಾರ ಫಸಲಿಗೂ ಕಣ್ಣು ಹಾಕಿದನೇ ಹೊರತು ಕೈ ಹಾಕಿದವನಲ್ಲ. ಮೂರು ಎಮ್ಮೆ ಕಟ್ಟಿಕೊಂಡು, ದಿನ ಬೆಳಗಾದರೆ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಬಿಗಿದು, ಊರಿಗಾಮಿನ ಚಿನ್ನದ ಗಣಿ ಕೂಲಿಕಾರರ ಸಾಲುಮನೆಗಳ ಲೈನುಗಳಿಗೆ ಹಾಕಿ ಬರುತ್ತಿದ್ದ.

ಕಿಚ್ಚು ಹೊತ್ತಿದ್ದು ಒಂದು ಚೊಂಬು ಮಜ್ಜಿಗೆಯಿಂದ. ಸುಬ್ಬಲಕ್ಷ್ಮಮ್ಮನ ತಮ್ಮ ಆದಿನಾರಾಯಣ ಗಣಿ ಕಂಪನಿಯಲ್ಲಿ ಕರೆಂಟಿನ ಕೆಲಸ ಮಾಡುವವನು. ಭಾನುವಾರ ಜೊತೆಗಾರರೊಂದಿಗೆ ಸೈಕಲ್ಲಿನಲ್ಲಿ ಹೊರಟು, ದಾರಿಯಲ್ಲಿ ಅಕ್ಕನ ಮನೆಗೆ ಬಂದು, ಇಳಿಯದೆ ಒಂದು ಕಾಲನ್ನು ಜಗಲಿಗೆ ಊರಿಕೊಂಡೇ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಅವನು ಬರುವ ಹೊತ್ತಿಗೆ ಮುಂಚೆಯೇ ಸುಬ್ಬಲಕ್ಷ್ಮಮ್ಮ ಚೊಂಬು ಹಿಡಿದು ಬೀದಿಗೆ ಬಂದು, ಕೈಯನ್ನು ಹಣೆಗಿಟ್ಟು ರಸ್ತೆ ನೋಡುವಳು. ಧೂಳೆದ್ದರೆ “ಅಗಾ, ನಮ್ಮ ಆದಿ” ಎಂದು ಪಕ್ಕದ ಮನೆಯ ಅಕ್ಕಯ್ಯಮ್ಮನಿಗೆ ತೋರಿಸುವಳು. ಅದೇ ರಸ್ತೆಯಲ್ಲಿ ಅವನಿಗಿಂತ ಹೆಚ್ಚು ಭಾರ ಹೊತ್ತು ದಿನವೂ ಬರುತ್ತಿದ್ದ ಗಂಡನಿಗಾಗಿ ಅವಳು ಒಂದು ದಿನವೂ ಹಣೆಗೆ ಕೈಯಿಟ್ಟವಳಲ್ಲ. ಬಂದರೆ “ಕ್ಯಾನು ತೊಳೆಯಕ್ಕೆ ಆಕಿ” ಎನ್ನುವಳು, ಅಷ್ಟೆ. ಅವಳ ತಪ್ಪೂ ಅಲ್ಲ. ದಿನ ಬರುವ ಸೂರ್ಯನನ್ನು ಯಾರು ಬೆರಳು ಮಾಡಿ ತೋರಿಸುತ್ತಾರೆ? ಆದರೆ ಕೋದಂಡಪ್ಪನ ಮನಸ್ಸಿನಲ್ಲಿ ಅಂದಿನಿಂದ ಒಂದೇ ಒಂದು ಬಯಕೆ ಬೇರೂರಿತು: ಆ ರಸ್ತೆಯಲ್ಲಿ ಒಂದು ಸಲ, ಒಂದೇ ಒಂದು ಸಲ, ತಾನು ಬಾಮೈದನಿಗಿಂತ ಮುಂದೆ ಬರುವುದನ್ನು ಅವಳು ಕಣ್ಣಾರೆ ನೋಡಬೇಕು.

ಮೊದಲು ಹೋದದ್ದು ಬೆಲ್ಲು. “ಗಡಗಡ ಅಂತಿತ್ತು, ತೆಗೆಸ್ದೆ” ಎಂದ. ಆಮೇಲೆ ಮಡ್‌ಗಾರ್ಡು, ಅದಕ್ಕೆ ಕೆಸರು ಕಟ್ಟಿಕೊಳ್ಳುತ್ತಿತ್ತಂತೆ. ಆಮೇಲೆ ಚೈನಿನ ಕವರು, ಆಮೇಲೆ ಡೈನಮೋ ದೀಪ. ಊರಿಗಾಮಿನ ಪಕ್ಕದ ಚಾಂಪಿಯನ್ ರೀಫ್ಸಿನಲ್ಲಿ ಕುಪ್ಪುಸ್ವಾಮಿಯ ಸೈಕಲ್ ಷಾಪು ಇತ್ತು. ಆದಿನಾರಾಯಣನ ಗುಂಪಿಗೆಲ್ಲ ಅವನೇ ಗುರು, ಅವನೇ ವೈದ್ಯ. ಕ್ಯಾರಿಯರನ್ನೂ ಬಿಚ್ಚು ಎಂದು ಕೋದಂಡಪ್ಪ ಹೇಳಿದಾಗ ಕುಪ್ಪುಸ್ವಾಮಿ ಸ್ಪ್ಯಾನರನ್ನು ಕೆಳಗಿಟ್ಟು, “ಏನಣ್ಣೇ, ಕ್ಯಾರಿಯರ್ ಇಲ್ಲಾಂದ್ರೆ ಹಾಲು ಎಂಗೆ ತರ್ತೀಯ? ತಲೆ ಮೇಲಾ?” ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರವಾಗಿ ಎರಡನೆಯ ಸೈಕಲ್ಲು ಬಂತು. ಕೊಟ್ಟಿಗೆಯಲ್ಲಿದ್ದ ಪಡ್ಡೆಯೆಮ್ಮೆ ಸಂತೆಗೆ ಹೋಯಿತು. ಅದು ನಿಲ್ಲುತ್ತಿದ್ದ ಜಾಗದಲ್ಲಿ, ಊರು ಬಿಟ್ಟು ವಿಲಾಯಿತಿಗೆ ಹೊರಟಿದ್ದ ಗಣಿಯ ದೊರೆಯೊಬ್ಬನ ಮನೆಯ ಹರಾಜಿನಲ್ಲಿ ಹಿಡಿದ, ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲಿನ, ಹಿಂದೆ ಸಣ್ಣ ಹಲ್ಲುಚಕ್ರದ ಹಸಿರು ಸೈಕಲ್ಲು ಗೋಡೆಗೆ ಒರಗಿತು. ಒಂದು ಹಾಲಿನ ಸೈಕಲ್ಲು, ಒಂದು ಭಾನುವಾರದ ಸೈಕಲ್ಲು. ವಸ್ತುವಿನಲ್ಲಿ ಸಾಮಾನು ಕಮ್ಮಿಯಾದಷ್ಟೂ ಬೆಲೆ ಏರುವ ವಿಚಿತ್ರ ವ್ಯವಹಾರವಿದು; ಒಂದು ಸಲ ಇದರೊಳಗೆ ಕಾಲಿಟ್ಟವನು ಕಡೆಗೆ ಎರಡು ಚಕ್ರ ಮತ್ತು ಒಂದು ನಿಟ್ಟುಸಿರನ್ನು ಮಾತ್ರ ಉಳಿಸಿಕೊಳ್ಳುತ್ತಾನೆ.

ಸೈಕಲ್ಲು ಬದಲಾದ ಮೇಲೆ ಮೈ ಬದಲಾಗಬೇಕಾಯಿತು. ಆದಿನಾರಾಯಣನ ಬಳಿ ನೀಲಿ ಉಣ್ಣೆಯ ಬನಿಯನ್ನು ಇತ್ತು, ಅದಕ್ಕೆ ಬೆನ್ನಿನ ಕಡೆ ಜೇಬು. ಕೋದಂಡಪ್ಪ ಬಂಗಾರಪೇಟೆಯ ದರ್ಜಿ ಮುನಿನಾರಾಯಣಪ್ಪನಲ್ಲಿಗೆ ಹೋಗಿ ತನ್ನ ಅಂಗಿಗೂ ಬೆನ್ನಿಗೆ ಎರಡು ಜೇಬು ಹೊಲಿಸಿದ. “ಕಿಸೆಗಳ್ಳರಿಗೆ ಇಷ್ಟು ಅನುಕೂಲ ಮಾಡ್ಕೊಟ್ಟೋನು ನೀನೇ ಮೊದಲು ಕಣಯ್ಯ” ಎಂದ ದರ್ಜಿ. ಜೇಬಿನೊಳಗೆ ಬೇಯಿಸಿದ ಕಡಲೆಕಾಯಿ, ಬೆಲ್ಲದ ಉಂಡೆ. ಬಾಮೈದ ಗ್ಲುಕೋಸ್ ಪುಡಿ ನೆಕ್ಕುತ್ತಾನೆಂದು ತಿಳಿದ ದಿನ ಬೆಲ್ಲ ಇದ್ದಕ್ಕಿದ್ದಂತೆ ರುಚಿ ಕಳೆದುಕೊಂಡಿತು. ಗ್ಲುಕೋಸ್ ಡಬ್ಬಿ ಬಂತು. ಬಾಮೈದ ಹಸಿ ಮೊಟ್ಟೆ ಕುಡಿಯುತ್ತಾನೆಂದು ಕೇಳಿ, ಮನೆಯ ಕೋಳಿಗಳಿಗೆ ಕಾವು ಕೂರುವ ಭಾಗ್ಯ ತಪ್ಪಿತು. ಸೈಕಲ್ಲಿನವನು ನಡೆದರೆ ಕಾಲು ಕೆಡುತ್ತದೆ ಎಂದು ಯಾರೋ ಅಂದರು. ಅಂದಿನಿಂದ ಹಿತ್ತಲಿನ ಬಾವಿಗೂ ಸೈಕಲ್ಲೇ. ಹೆಂಡತಿ ಕೊಡ ಹೊತ್ತು ನಡೆಯುತ್ತಿದ್ದರೆ ಇವನು ಪಕ್ಕದಲ್ಲಿ ಬೀಳದಷ್ಟು ನಿಧಾನವಾಗಿ ತುಳಿಯುತ್ತಾ ಬರುವ ದೃಶ್ಯವನ್ನು ನೋಡಲೆಂದೇ ಅಕ್ಕಯ್ಯಮ್ಮ ಆ ಹೊತ್ತಿಗೆ ಹೊರಗೆ ಬಂದು ಕೂರುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ರಾದ್ಧಾಂತವಾದದ್ದು ಕಾಲಿನ ಕೂದಲಿನಿಂದ. ಬಿದ್ದು ಗಾಯವಾದರೆ ಔಷಧಿ ಹಚ್ಚಲು ಸಲೀಸೆಂದು ಆದಿನಾರಾಯಣ ಕಾಲು ಬೋಳಿಸಿಕೊಂಡಿದ್ದ. ಅದನ್ನು ಕಂಡ ಮಾರನೆಯ ವಾರವೇ ಕೋದಂಡಪ್ಪ ಪೇಟೆಯ ಕ್ಷೌರಿಕನ ಮುಂದೆ ಪಂಚೆ ಮೇಲಕ್ಕೆ ಕಟ್ಟಿ ಕುಳಿತ. ಮನೆಗೆ ಬಂದು ಕಾಲು ತೊಳೆಯುವಾಗ ತಾಯಿ ದೊಡ್ಡಮುನಿಯಮ್ಮ ನೋಡಿದಳು. ಹೊತ್ತಲ್ಲದ ಹೊತ್ತಿನಲ್ಲಿ ಮಗ ಬೋಳಿಸಿಕೊಂಡು ಬಂದನೆಂದರೆ ಅವಳಿಗೆ ಒಂದೇ ಅರ್ಥ. ಮಾತಾಡದೆ ಎದ್ದು, ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಾಗಿಲಿಗೆ ಬಂದು, “ಯಾರು ಓದ್ರಪ್ಪ?” ಎಂದು ಕೇಳಿದಳು.

“ಯಾರೂ ಓಗಿಲ್ಲ ಕಣಮ್ಮ. ಸೈಕಲ್ಲಿಗೆ.”

“ಸೈಕಲ್ಲಿಗೆ ಏನಾಯ್ತು?”

“ಏನೂ ಆಗಿಲ್ಲ.”

“ಅದಕ್ಕೆ ಏನೂ ಆಗ್ದೇನೇ ಕಾಲು ಬೋಳಿಸ್ದ್ಯ, ನಾಳೆ ಏನಾರ ಆದ್ರೆ ಏನು ಬೋಳಿಸ್ತೀಯಪ್ಪ?” ಎಂದು ಆ ತಾಯಿ ಹುಣಿಸೆಮರದ ಕೆಳಗೆ ಸೀರೆ ಒಣಗಿಸಿಕೊಳ್ಳಲು ಹೋದಳು.

ಇಷ್ಟೆಲ್ಲ ಆಗಿ, ಭಾನುವಾರಗಳಂದು ಗುಂಪಿನ ಜೊತೆ ಕೋಲಾರಕ್ಕೆ ಹೋಗಿಬರತೊಡಗಿದರೂ ಕುಪ್ಪುಸ್ವಾಮಿಯ ಒಂದು ಪಾಠ ಮಾತ್ರ ಅವನ ತಲೆಗೆ ಹತ್ತಲಿಲ್ಲ. ಗುಂಪಿನಲ್ಲಿ ತುಳಿಯುವವರು ಸರದಿಯ ಮೇಲೆ ಮುಂದೆ ಬರಬೇಕು. ಮುಂದಿದ್ದವನು ಗಾಳಿಯನ್ನು ಸೀಳುತ್ತಾನೆ, ಅವನ ಬೆನ್ನ ಹಿಂದಿರುವವನು ದಣಿವಾರಿಸಿಕೊಳ್ಳುತ್ತಾನೆ. “ಮುಂದೆ ಇರೋನು ಗಾಳಿ ತಿಂತಾನೆ, ಹಿಂದೆ ಇರೋನು ಅನ್ನ ತಿಂತಾನೆ ಅಣ್ಣೇ” ಎಂದು ಕುಪ್ಪುಸ್ವಾಮಿ ಎಷ್ಟು ಸಲ ಹೇಳಿದರೂ ಕೋದಂಡಪ್ಪನಿಗೆ ಅದು ಸಂಬಂಧ ತಿಳಿಯದವರ ಮಾತಾಗಿ ಕೇಳಿಸಿತು. ಅವನ ಕಡೆ ಬಾವನೆಂದರೆ ಮುಂದೆ ನಡೆಯುವವನು. ಮದುವೆಯ ದಿನ ಇದೇ ಆದಿನಾರಾಯಣ, ಇನ್ನೂ ಚಿಕ್ಕವನು, ಛತ್ರಿ ಹಿಡಿದುಕೊಂಡು ಅವನ ಹಿಂದೆ ಹಿಂದೆ ಬಂದಿದ್ದ. ಹೆಣ್ಣು ಕೊಟ್ಟ ಮನೆಯ ಹುಡುಗನ ಬೆನ್ನು ನೋಡುತ್ತಾ ಬಾವ ರಸ್ತೆಯಲ್ಲಿ ಹೋಗುವುದೆಂದರೇನು?

ಅರವತ್ತೊಂದರ ಸಂಕ್ರಾಂತಿ ಕಳೆದ ಭಾನುವಾರ ಗುಂಪಿನವರು ಪಂದ್ಯ ಕಟ್ಟಿದರು. ಊರಿಗಾಮಿನಿಂದ ಹೊರಟು, ಬಂಗಾರಪೇಟೆಯ ಮೇಲೆ ಕೋಲಾರ ಮುಟ್ಟಿ, ಮತ್ತೆ ಬಂಗಾರಪೇಟೆಗೆ ಬಂದು ಸೇರಬೇಕು. ಪೇಟೆಯ ಅಂಚಿನಲ್ಲಿ ಗೆರೆ ಎಳೆದಿತ್ತು. ಸುಬ್ಬಲಕ್ಷ್ಮಮ್ಮ ಇಬ್ಬರಿಗೂ ಬುತ್ತಿ ಕಟ್ಟಿಕೊಂಡು, ಅಕ್ಕಯ್ಯಮ್ಮನನ್ನು ಕರೆದುಕೊಂಡು ಅಲ್ಲಿಗೆ ಬಂದು ನಿಂತಳು. ಕೋಲಾರದಿಂದ ತಿರುಗಿದ ಮೇಲೆ ಮೂಡಲ ಗಾಳಿ ಮುಖಕ್ಕೆ ಹೊಡೆಯತೊಡಗಿತು. ಒಬ್ಬೊಬ್ಬರಾಗಿ ಜೊತೆಗಾರರು ಉದುರಿ, ಬಾವ ಬಾಮೈದ ಇಬ್ಬರೇ ಉಳಿದರು. ಮುಂದೆ ಕೋದಂಡಪ್ಪ; ಅವನ ಹಿಂಚಕ್ರಕ್ಕೆ ಅಂಗೈಯಷ್ಟು ದೂರದಲ್ಲಿ ಆದಿನಾರಾಯಣ.

“ಬಾವ, ನೀವು ಇಂದಕ್ಕೆ ಸರೀರಿ, ನಾನು ಒಸಿ ದೂರ ಮುಂದೆ ಬತ್ತೀನಿ.”

“ನಿನ್ನ ಬೆನ್ನು ನೋಡಕ್ಕೆ ನಾನು ಕಾಲು ಬೋಳಿಸ್ಕೊಂಡಿಲ್ಲ ಕಣ್ಲಾ.”

ಸ್ವಲ್ಪ ಹೊತ್ತಿನ ಮೇಲೆ ಬಾಮೈದ ಮತ್ತೆ ಕರೆದ. ಕೋದಂಡಪ್ಪ ಇನ್ನಷ್ಟು ಬಗ್ಗಿ ತುಳಿದ. ಹಿಂದಿನಿಂದ ಬರುತ್ತಿದ್ದ ಚೈನಿನ ಸದ್ದು ಅವನ ಚೈನಿಗಿಂತ ನುಣುಪಾಗಿ ಕೇಳಿಸುತ್ತಿತ್ತು, ಆ ದಣಿವಿನಲ್ಲೂ ಅವನು ಅದಕ್ಕೆ ಯಾವ ಎಣ್ಣೆ ಬಿಟ್ಟಿರಬಹುದೆಂದು ಯೋಚಿಸುತ್ತಿದ್ದ. ಕೆರೆಯ ಏರಿ ದಾಟಿ ರಸ್ತೆ ನೆಟ್ಟಗಾಯಿತು. ದೂರದಲ್ಲಿ ಜನ, ಜನರ ನಡುವೆ ಹೆಂಡತಿಯ ಕೆಂಪು ಸೀರೆ. ಅವಳು ಹಣೆಗೆ ಕೈಯಿಟ್ಟಿದ್ದಾಳೋ ಇಲ್ಲವೋ ಎಂದು ತಿಳಿಯುವಷ್ಟರಲ್ಲಿ, ಎಡಗಡೆಯಿಂದ ಒಂದು ನೆರಳು ಅವನನ್ನು ಸವರಿಕೊಂಡು ಹೋಯಿತು. ಕಾಲಿಗೆ ಹೇಳಿದ, ಕಾಲು ಕೇಳಲಿಲ್ಲ. ನೀಲಿ ಬನಿಯನ್ನಿನ ಬೆನ್ನಿನ ಜೇಬನ್ನು, ಅದರ ಹೊಲಿಗೆಯ ಒಂದೊಂದು ಎಳೆಯನ್ನೂ, ಕೋದಂಡಪ್ಪ ಗೆರೆ ಮುಟ್ಟುವವರೆಗೂ ನೋಡಿದ.

“ಎರಡು ಕಿತ ಕರೆದ್ನಲ್ಲ ಬಾವ” ಎಂದು ಆದಿನಾರಾಯಣ ಅವನ ಸೈಕಲ್ಲನ್ನು ಹಿಡಿದುಕೊಂಡ. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಕೋದಂಡಪ್ಪನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

“ಅಣ್ಣೇ,” ಎಂದ ಗೆರೆಯ ಬಳಿ ನಿಂತಿದ್ದ ಕುಪ್ಪುಸ್ವಾಮಿ, “ಕೋಲಾರದಿಂದ ಇಲ್ಲೀವರೆಗೂ ಅವನ್ನ ನೀನೇ ಎತ್ಕೊಂಡು ಬಂದೆ. ಇಳಿಸೋದು ಮರ್ತೆ.”

ಸಂಜೆ ಕೋದಂಡಪ್ಪ ಎಮ್ಮೆ ಕರೆಯಲು ಕೂತ. ಸುಬ್ಬಲಕ್ಷ್ಮಮ್ಮ ಕರುವನ್ನು ಹಿಡಿದು ನಿಂತಿದ್ದಳು. ಅವಳೇ ಮಾತು ತೆಗೆದಳು.

“ಏರಿ ತಿರುವಿಂದ ನೀವೊಬ್ರೇ ಕಾಣ್ತಾ ಇದ್ರಿ. ಅಕ್ಕಯ್ಯಮ್ಮನ್ಗೆ ತೋರಿಸ್ದೆ, ಅಗಾ ನಮ್ಮನೆಯವ್ರು ಬತ್ತಾವ್ರೆ ಅಂತ. ಆದಿ ಎಲ್ಲವ್ನೆ ಅಂತ ಅವಳು ಕೇಳಿದ್ಳು. ಎಲ್ಲೋ ಇಂದೆ ಬಿದ್ದೋಗವ್ನೆ ಅಂದೆ.”

ಕೋದಂಡಪ್ಪನ ಕೈ ನಿಂತಿತು. ಐದಾರು ವರ್ಷ ಅವನು ತುಳಿದದ್ದೆಲ್ಲ ಈ ಒಂದು ಮಾತಿಗಾಗಿ. ಆ ಮಾತು ಬಂದಿತ್ತು, ಕೇಳದೆಯೇ ಬಂದಿತ್ತು. ಸುಮ್ಮನಿದ್ದಿದ್ದರೆ ಪೂರ್ತಿ ಅವನದೇ ಆಗಿರುತ್ತಿತ್ತು.

“ಆಮೇಲೆ?” ಎಂದ.

“ಆಮೇಲೆ ಆದಿ ಬಂದ.”

“ಅವನ್ನೂ ತೋರಿಸ್ದ್ಯಾ?”

“ಅಷ್ಟೊತ್ಗೆ ಅಕ್ಕಯ್ಯಮ್ಮನೇ ನೋಡಿದ್ಳು. ಚಪ್ಪಾಳೆ ಹೊಡೆದ್ಳು.”

“ನೀನು ಹೊಡೀಲಿಲ್ವಾ?”

“ಕೈಯಾಗೆ ಬುತ್ತಿ ಇತ್ತು.”

“ಬುತ್ತಿ ಇಲ್ದಿದ್ರೆ ಹೊಡೀತಿದ್ದ್ಯಾ?”

ಸುಬ್ಬಲಕ್ಷ್ಮಮ್ಮ ಕರುವಿನ ಕಿವಿಯಿಂದ ಒಂದು ಉಣ್ಣಿಯನ್ನು ಕಿತ್ತು ಕಾಲಿನಲ್ಲಿ ಹೊಸಕಿದಳು.

ಹೊಟ್ಟೆಕಿಚ್ಚಿನವರನ್ನು ಲೋಕ ಸೋಮಾರಿಗಳೆಂದು ತಿಳಿಯುತ್ತದೆ, ಅದು ಸುಳ್ಳು. ಅವರಷ್ಟು ದುಡಿಯುವವರು ಇಲ್ಲ. ಇನ್ನೊಬ್ಬನ ಬದುಕನ್ನು ನೂಲುನೂಲಾಗಿ ಕಲಿತು, ತಮ್ಮ ಮೈಮೇಲೆ ಹೊಲಿದುಕೊಂಡು, ಅವನಿಗಿಂತ ಹೆಚ್ಚು ಬೆವರು ಸುರಿಸುತ್ತಾರೆ. ಆದರೆ ತಮ್ಮ ಪಾಲಿಗೆ ಬಂದದ್ದನ್ನು ಕೈಯಲ್ಲಿ ಹಿಡಿದು, ಇಷ್ಟು ನನ್ನದು ಎಂದು ಒಂದು ಗಳಿಗೆ ಸುಮ್ಮನಿರುವ ವಿದ್ಯೆ ಮಾತ್ರ ಅವರಿಗೆ ಬಾರದು. ಪಕ್ಕದ ತಟ್ಟೆಗೆ ಎಷ್ಟು ಬಡಿಸಿದರು ಎಂದು ಕೇಳಿಯೇ ತೀರುತ್ತಾರೆ, ಕೇಳಿ ತಮ್ಮ ತಟ್ಟೆಯ ತುತ್ತನ್ನು ತಾವೇ ತಣ್ಣಗಾಗಿಸಿಕೊಳ್ಳುತ್ತಾರೆ.

ಎಮ್ಮೆ ಕಾಲು ಬದಲಿಸಿತು. “ಒಸಿ ಬಿಗಿಯಾಗಿ ಇಡ್ಕೊಳ್ಳಿ, ಚೆಲ್ತೈತೆ” ಎಂದಳು ಸುಬ್ಬಲಕ್ಷ್ಮಮ್ಮ. ಕೋದಂಡಪ್ಪ ಬಕೆಟ್ಟನ್ನು ಮಂಡಿಗಳ ನಡುವೆ ಇರುಕಿಕೊಂಡು, ಹಣೆಯನ್ನು ಎಮ್ಮೆಯ ಪಕ್ಕೆಗೆ ಒತ್ತಿ, ಉಳಿದ ಎರಡು ಮೊಲೆಗಳ ಹಾಲನ್ನು ಕರೆಯತೊಡಗಿದ.