ಅರವತ್ತನೆಯ ದಿನ

ಎಂಟು ತಿಂಗಳು ತುಂಬಿದ ಹೊಟ್ಟೆ ಹೊತ್ತು ಲಿಖಿತಾ ಇಡೀ ದಿನ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಉಚ್ಚೆಗೆ ಎದ್ದರೂ ಸೂಪರ್‌ವೈಸರ್ ಗಡಿಯಾರ ನೋಡುತ್ತಿದ್ದ. ತಾಂಡ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳ ಪಕ್ಕದ ಮಿಷನ್ನೇ ನನ್ನದು.

ಒಂದು ದಿನ ಎಚ್‌ಆರ್ ಹೇಮಂತ್ ಅವಳ ಕೈಗೆ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡ. ಟಾರ್ಗೆಟ್ ಮುಟ್ಟುತ್ತಿಲ್ಲ, ಕೆಲಸದಿಂದ ತೆಗೆದಿದೆ ಎಂದಿತ್ತು. ಬಸುರಿ ಎಂಬ ಮಾತೇ ಇಲ್ಲ.

"ಸುಮ್ನೆ ರೂಲ್ಸಿಗೆ ಕಣಮ್ಮ ಇದು. ಬಾಣಂತನ ಮುಗಿಸ್ಕೊಂಡು ಬಾ, ನಿನ್ ಮಿಷನ್ ನಿನಗೇ."

ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು. ಅವಳು ನಂಬಿ ಮೂಗೂರಿನ ತವರಿಗೆ ಹೋದಳು. ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ.

ಎರಡು ತಿಂಗಳಾಗುತ್ತಾ ಬಂದಾಗ ಆ ಮಿಷನ್ನಿಗೆ ಹೊಸ ಹುಡುಗಿ ಬಂದಳು, ಕಾಯಂ ಅಂತೆ. ನಂಜನಗೂಡಿನ ವಕೀಲ ಶಿವಮೂರ್ತಿಯವರನ್ನು ಕೇಳಿದೆ. ಬಸುರಿಯನ್ನು ಹಾಗೆ ತೆಗೆಯುವಂತಿಲ್ಲ, ಆದರೆ ಕಾಗದ ಕೈಸೇರಿದ ಅರವತ್ತು ದಿನದೊಳಗೆ ಅರ್ಜಿ ಕೊಡಬೇಕು ಎಂದರು. ಬೆರಳು ಮಡಚಿ ಎಣಿಸಿದೆ. ಉಳಿದಿದ್ದು ಎರಡೇ ದಿನ. ಭಾನುವಾರ ಮೊದಲ ಬಸ್ಸಿಗೇ ಮೂಗೂರಿಗೆ ಓಡಿದೆ.

"ನಾಳೆನೇ ಕಡೇ ದಿನ ಕಣವ್ವ" ಅಂದೆ.

ಲಿಖಿತಾಳ ತಾಯಿ ಚಿಕ್ಕಬಸಮ್ಮ ಬಾಗಿಲಿಗೆ ಅಡ್ಡ ನಿಂತಳು. "ಇಪ್ಪತ್ ದಿನದ್ ಬಾಣಂತಿ ಒಸ್ಲು ದಾಟಾದಾ? ಗಾಳಿ ಸೋಕುದ್ರೆ ನಂಜಾಯ್ತದೆ. ಆ ಹೇಮಂತ್ ಸಾಯೇಬ್ರೂ ವಾರವಾರ ಪೋನ್ ಮಾಡಿ ಇದ್ನೇ ಯೋಳ್ತರೆ."

ಲಿಖಿತಾ ಹೇಮಂತನಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದಳು. "ಸಾ, ನಾಳೆ ಬಂದು ಮಾತಾಡ್ಲಾ?"

"ನಾಳೆ ಬೇಡಮ್ಮ. ಹಸಿ ಬಾಣಂತಿ ನೀನು. ಬುಧವಾರದ ಮೇಲೆ ಯಾವತ್ತಾದ್ರೂ ಬಾ."

ಚಿಕ್ಕಬಸಮ್ಮನ ಮುಖ ಕೆಂಪೇರಿತು. "ನನ್ ಮಗಳ್ ಬಾಣಂತನವ ಇವ್ನು ದಿನ ಎಣ್ಸ್ಕಂಡು ಮಾಡ್ತಾವ್ನೆ, ಬಡ್ಡಿಮಗ."

ಮರುದಿನ ತಾನೇ ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದಳು. ನಾನು ರಜೆ ಹಾಕಿದೆ. ನನಗೂ ಕಾಗದ ಬಂದರೆ ಬರಲಿ. ವಕೀಲರು ಬರೆದ ಅರ್ಜಿ ಹಿಡಿದು, ಎಳೆಗೂಸಿನ ಸಮೇತ ಕಾರ್ಮಿಕ ಕಚೇರಿ ಹತ್ತಿದೆವು.

"ಈ ಸ್ಥಿತಿಲಿ ಯಾಕಮ್ಮ ಬಂದೆ? ಇನ್ನೊಂದು ವಾರ ಬಿಟ್ಟು ಬರಬೇಕಿತ್ತು" ಎಂದರು ಅಧಿಕಾರಿ.

"ಬಿಟ್ಟು ಬಂದಿದ್ರೆ ತಗತಿದ್ರಾ ಸಾ?" ಲಿಖಿತಾ ಕೇಳಿದಳು.

ಅವರು ಕಾಗದದ ತಾರೀಕು ನೋಡಿದರು. ಅರ್ಜಿಗೆ ಸೀಲು ಒತ್ತಿದರು. "ಕಂಪನಿಗೆ ನೋಟೀಸ್ ಹೋಗುತ್ತೆ. ಕಾಯಬೇಕು."

"ಅವ್ರು ಬಂದು ಉತ್ರ ಕೊಡಕೂ ಇಂತಿಷ್ಟೇ ದಿನ ಅಂತ ಅದಾ ಸಾ?" ಚಿಕ್ಕಬಸಮ್ಮ ಮೇಜಿನ ಅಂಚು ಹಿಡಿದಳು. "ಇಲ್ಲಾಂದ್ರೆ ಆ ಗಡುವು ನಮ್ಗೆ ಮಾತ್ರನಾ?"

ಅಧಿಕಾರಿ ಬೇರೆ ಫೈಲು ಎಳೆದುಕೊಂಡರು.

ಲಿಖಿತಾ ಬೆಂಚಿನ ಮೇಲೆ ಕೂತು ಸೆರಗು ಮುಚ್ಚಿ ಮಗುವಿಗೆ ಮೊಲೆಯಿಟ್ಟಳು. "ಯೋಳ್ಲಿ ಬುಡವ್ವ" ಅಂದಳು. "ಅಲ್ಲೀಗಂಟ ಇಲ್ಲೇ ಕೂತಿರವ."