ರಿಪೇರಿಗೆ ಕೊಡೋಲ್ಲ

ನನ್ನ ಕಂಪ್ಯೂಟರ್ ಕೆಟ್ಟಿದ್ದು ವಿಜಯದಶಮಿಯ ಬೆಳಿಗ್ಗೆ. ಸ್ವಿಚ್ ಹಾಕಿದೆ, ಹಿಂದಿನಿಂದ ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ, ಆಮೇಲೆ ಏನೂ ಇಲ್ಲ. ಹಾಲಿನಲ್ಲಿ ಕೂತಿದ್ದ ಮಾವ ಬೋರಣ್ಣನವರು ಮೂಗೆಳೆದು ವಾಸನೆ ನೋಡಿ, "ಹೋಗ್ಲಿ ಬುಡಮ್ಮ, ದೇವ್ರೇ ಸಾಕು ಅಂದಂಗಾಯ್ತು" ಅಂದರು. ನನ್ನ ಗಂಡ ಶಶಿಧರ್ ರೂಮಿನ ಬಾಗಿಲಿಗೆ ಬಂದು ನಿಂತು, "ನಮ್ಮ ಹುಡುಗ ಒಬ್ಬ ಇದಾನೆ, ರಿಪೇರಿಗೆ ಕೊಡ್ತೀನಿ ಬಿಡು" ಅಂದರು.

ಮಾವನ ಮಾತಿಗೆ ಬೇಜಾರಾಯಿತು. ಗಂಡನ ಮಾತಿಗೆ ಮೈಯೆಲ್ಲ ಉರಿದುಹೋಯಿತು.

ಅದಕ್ಕೆ ಕಾರಣ ನನ್ನ ಸ್ಕೂಟಿ. ತವರಿನವರು ಕೊಡಿಸಿದ್ದು, ಆರ್‌ಸಿ ಮಾತ್ರ ಇವರ ಹೆಸರಿನಲ್ಲಿ. ಕಳೆದ ಬೇಸಿಗೆಯಲ್ಲಿ ಒಂದು ದಿನ ಸ್ಟಾರ್ಟ್ ಆಗಲಿಲ್ಲ ಅಂತ ಇವರು ಹೀಗೇ "ನಮ್ಮ ಹುಡುಗ ಒಬ್ಬ ಇದಾನೆ" ಅನ್ನುತ್ತ ತಳ್ಳಿಕೊಂಡು ಹೋದರು. ಕೇಳಿದಾಗಲೆಲ್ಲ ಸರ್ವೀಸಿನಲ್ಲಿದೆ, ಸ್ಪೇರ್ ಬಂದಿಲ್ಲ, ಮೆಕ್ಯಾನಿಕ್ ಊರಿಗೆ ಹೋಗಿದ್ದಾನೆ. ಮಳೆಗಾಲದಲ್ಲಿ ಕೇಳುವುದನ್ನೇ ಬಿಟ್ಟೆ. ಯಾಕೆಂದರೆ ಆ ಸ್ಕೂಟಿಯನ್ನು ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ನಾನೇ ಕಣ್ಣಾರೆ ನೋಡಿದ್ದೆ. ಮುಂದುಗಡೆ ನಾನು ಅಂಟಿಸಿದ್ದ ನವಿಲಿನ ಸ್ಟಿಕ್ಕರ್ ಹಾಗೇ ಇತ್ತು. ಮೇಲೆ ಯಾರೋ ಗಂಡಸು, ಕಾಲ ಹತ್ತಿರ ಗ್ಯಾಸ್ ಸಿಲಿಂಡರ್. ನೋಡಿದ್ದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಸ್ಕೂಟಿ ಹೋದರೂ ಕಂಪ್ಯೂಟರ್ ಇತ್ತಲ್ಲ. ಬ್ಲೌಸಿನ ಮೇಲೆ ಮೆಷಿನ್ನಿನಲ್ಲಿ ಹಾಕುವ ಎಂಬ್ರಾಯ್ಡರಿಗೆ ಡಿಸೈನ್ ಮಾಡಿ ಜಯನಗರದಲ್ಲಿ ಅಂಗಡಿ ಇಟ್ಟಿರುವ ವನಿತಾ ಮೇಡಂಗೆ ಕಳಿಸುತ್ತೇನೆ. ನಮ್ಮ ಕೋಣನಕುಂಟೆ ಮನೆಯವರಿಗೆ ಇದು ಸಹಿಸದು. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಇಲ್ಲಿ ದುಡಿಯುವುದೆಂದರೆ ಅವಮಾನ. "ಟೈಲರ್ ಅಂಗ್ಡಿ ಚಾಕರಿ ಮಾಡೋ ಕರ್ಮ ನಮ್ ಸೊಸೆಗೇನು" ಅಂತ ಮಾವ ನೆಂಟರ ಮುಂದೆ ನಗುತ್ತಲೇ ಚುಚ್ಚುತ್ತಾರೆ.

ವನಿತಾ ಮೇಡಂಗೆ ಫೋನ್ ಮಾಡಿ ವಿಷಯ ಹೇಳಿದೆ. "ಬೇಜಾರ್ ಮಾಡ್ಕೋಬೇಡಿ ಚೈತ್ರಾ. ಮದುವೆ ಆರ್ಡರ್ ಇದು. ಸೋಮವಾರ ಬರ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ. ಆಮೇಲೆ ಎಲ್ಲಾ ಕೆಲಸಾನೂ ಅವರಿಗೇ" ಅಂದರು. ಅವರ ತಪ್ಪೇನಿಲ್ಲ. ಮಾಡಿ ಮುಗಿಸಿದ್ದ ಡಿಸೈನುಗಳೆಲ್ಲ ಆ ಕಂಪ್ಯೂಟರ್ ಡಬ್ಬದೊಳಗೇ ಇದ್ದವು. ಡಬ್ಬ ಹೊಸಿಲು ದಾಟಿದರೆ ನನ್ನ ದುಡಿಮೆಯೂ ದಾಟಿದ ಹಾಗೆ.

"ರಿಪೇರಿಗೆ ಕೊಡೋಲ್ಲ. ನಾನೇ ಮಾಡ್ತೀನಿ" ಅಂದೆ.

ಇವರು ನಕ್ಕರು. "ಏನು, ಯೂಟ್ಯೂಬ್ ನೋಡ್ಕೊಂಡಾ?"

"ಡಿಪ್ಲೊಮಾ ಓದ್ಕೊಂಡು."

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಪಕ್ಕ ಅಚ್ಚು ಹಾಕಿಸಿದ್ದು ಬಿಟ್ಟರೆ ಈ ಮನೆಯವರಿಗೆ ಅದರಿಂದ ಇನ್ನೊಂದು ಉಪಯೋಗ ಆಗಿರಲಿಲ್ಲ.

ಫ್ಯಾನ್ ತಿರುಗುತ್ತಿಲ್ಲ, ದೀಪ ಹತ್ತುತ್ತಿಲ್ಲ, ವಾಸನೆ ಹಿಂದಿನ ಜಾಲರಿಯಿಂದ. ಅಂದರೆ ಸುಟ್ಟಿರುವುದು ಎಸ್‌ಎಂಪಿಎಸ್, ಮನೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಪೆಟ್ಟಿಗೆ. ಭಾನುವಾರ ಮೆಟ್ರೋ ಹತ್ತಿ ಬನಶಂಕರಿಗೆ ಹೋಗಿ ಹೊಸದನ್ನು ತಂದೆ. ನಾನು ಬರುವಷ್ಟರಲ್ಲಿ ಡಬ್ಬ ಸಾಗಿಸಿಬಿಟ್ಟಾರು ಅಂತ ರೂಮಿಗೆ ಬೀಗ ಹಾಕಿ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗಿದ್ದೆ.

ಬಂದವಳೇ ಕಂಪ್ಯೂಟರನ್ನೂ ಮಾನಿಟರನ್ನೂ ಹಾಲಿನ ಊಟದ ಮೇಜಿನ ಮೇಲೆ ತಂದಿಟ್ಟೆ. ರೂಮಿನಲ್ಲಿ ಬೆಳಕು ಸಾಲದು. ಅದೂ ಅಲ್ಲದೆ, ಕದ್ದುಮುಚ್ಚಿ ಮಾಡಲು ನಾನೇನು ಕಳ್ಳಿಯೇ? ಪವರ್ ಕೇಬಲ್ ಕಿತ್ತೆ. ಒಳಗೆ ಉಳಿದಿರುವ ಕರೆಂಟ್ ಇಳಿಯಲಿ ಅಂತ ಬಟನ್ ಒತ್ತಿ ಹಿಡಿದೆ. ಪಕ್ಕದ ಮುಚ್ಚಳ ತೆಗೆದೆ. ಆಮೇಲೆ ಬಳೆ ಬಿಚ್ಚತೊಡಗಿದೆ.

ಬೋರ್ಡಿನ ಮೇಲೆ ಕೈಯಾಡಿಸುವಾಗ ಚಿನ್ನದ ಬಳೆ ಸಿಕ್ಕಿಕೊಂಡರೆ ಏನಾದರೂ ಕಿತ್ತು ಬರುತ್ತದೆ. ಗಾಜಿನದು ಒಡೆದರೆ ಚೂರು ಒಳಗೇ ಉಳಿಯುತ್ತದೆ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಮೊದಲು ಹೇಳಿಕೊಟ್ಟಿದ್ದೇ ಇದನ್ನು.

ಮಾವ ಕುರ್ಚಿಯಿಂದ ಅರ್ಧ ಎದ್ದರು. "ಏಯ್, ಏನಮ್ಮಾ ಅದು? ಹಬ್ಬ ಮುಗ್ದು ವಾರ ಆಗಿಲ್ಲ, ಮುತ್ತೈದೆ ಬರಿಗೈ ಮಾಡ್ಕೊತಾಳಾ? ಗಂಡ ಎದುರಿಗೇ ನಿಂತವ್ನೆ!"

"ಗಂಡ ಚೆನ್ನಾಗೇ ಇದಾರೆ ಮಾವ. ಕೆಟ್ಟಿರೋದು ಕಂಪ್ಯೂಟರ್ರು."

"ಚೈತ್ರಾ, ಹಾಕ್ಕೋ ಬಳೆ. ಅಪ್ಪ ಹೇಳ್ತಿಲ್ವಾ?" ಇವರು ಗದರಿದರು.

"ಹಾಕ್ಕೊಳಲ್ಲ."

ಹೇಳುತ್ತಲೇ ಕೊನೆಯ ಬಳೆಯನ್ನೂ ತೆಗೆದು ಮೇಜಿನ ಮೇಲಿಟ್ಟೆ.

ಗಲಾಟೆ ಕೇಳಿ ಅತ್ತೆ ಮುನಿವೆಂಕಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. ಈಗ ಅತ್ತೆಯದೂ ಒಂದು ಮಂಗಳಾರತಿ ಆಗುತ್ತದೆ ಅಂದುಕೊಂಡೆ. ಅವರು ನನ್ನ ಮುಖ ನೋಡಲಿಲ್ಲ, ಬಗ್ಗಿ ಡಬ್ಬದ ಒಳಗೆ ನೋಡಿದರು.

"ಇದ್ರೊಳಕ್ಕೆ ಕೈ ಹಾಕ್ಬೇಕಾ?"

"ಹೂಂ ಅತ್ತೆ."

"ಕೊಡಿಲ್ಲಿ" ಅಂತ ಬಳೆಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡರು. ಆಮೇಲೆ ಮಾವನ ಕಡೆ ತಿರುಗಿದರು. "ನಮ್ ಗೌರಿ ಹಸ ಈಯಕ್ಕಾಗ್ದೆ ಒದ್ದಾಡ್ತಿದ್ದಾಗ ಕೈ ಹಾಕಿ ಕರ ತಿರುಗ್ಸಿದ್ದು ಯಾರು? ನೀವಾ? ಮೊಣಕೈಗಂಟ ಹಾಕಿದ್ದೆ ನಾನು. ಬಳೆ ತೊಟ್ಕೊಂಡ್ ಹಾಕಿದ್ರೆ ಹಸೀನ್ ಹೊಟ್ಟೆ ಕುಯ್ದೋಗಲ್ವಾ? ಎಲ್ಲಾ ಬಿಚ್ಚಿ ಕೊಟ್ಗೆ ಗೂಡಲ್ಲಿ ಮಡಗಿದ್ದೆ. ನಿಮಗೇನಾಯ್ತು? ಗುಂಡ್‌ಕಲ್ಲಂಗೆ ಎದುರಿಗೇ ಕುಂತಿದೀರ."

ಮಾವ ಕೂತರು. ನನಗೆ ಅತ್ತೆಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ಕೆಲಸ ಬಾಕಿ ಇತ್ತು.

ಮೈಯಲ್ಲಿರುವ ಸ್ಟ್ಯಾಟಿಕ್ ಬೋರ್ಡಿಗೆ ಹೊಡೆಯದಿರಲಿ ಅಂತ ಡಬ್ಬದ ಬರೀ ಲೋಹವನ್ನು ಮುಟ್ಟಿದೆ. ಯಾವ ವೈರ್ ಎಲ್ಲಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದುಕೊಂಡು, ಒಂದೊಂದೇ ಬಿಡಿಸಿದೆ. ಅತ್ತೆ ಟಾರ್ಚ್ ಹಿಡಿದರು. ಸ್ಕ್ರೂ ತೆಗೆದು ಸುಟ್ಟ ಪೆಟ್ಟಿಗೆಯನ್ನು ಹೊರಗೆಳೆದು ವಾಲಿಸಿದರೆ, ಜಾಲರಿಯಿಂದ ಕೆಂಪು ಪುಡಿ ಮೇಜಿನ ಮೇಲೆ ಉದುರಿತು. ಕುಂಕುಮ. ಅಲ್ಲಲ್ಲಿ ಒದ್ದೆಯಾಗಿ ಗಟ್ಟಿ ಕಟ್ಟಿತ್ತು.

ಆಯುಧಪೂಜೆಯ ದಿನ ಮಾವ ಬೊಲೆರೊ, ಬುಲೆಟ್, ಬೋರ್‌ವೆಲ್ ಮೋಟರ್ ಎಲ್ಲ ಮುಗಿಸಿ ನನ್ನ ಕಂಪ್ಯೂಟರಿಗೂ ಬಂದಿದ್ದರು. ಹಿಂದೆ ಮುಂದೆ ಬಿಡದೆ ಕುಂಕುಮ ಎರಚಿ, ಮಾವಿನೆಲೆಯಲ್ಲಿ ಕಲಶದ ನೀರು ಧಾರಾಳವಾಗಿ ಚಿಮುಕಿಸಿದ್ದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಮುಗಿದಿತ್ತು.

"ಸಾಕು ಅಂದಿದ್ದು ದೇವ್ರಲ್ಲ ಮಾವ" ಅಂತ ಪೆಟ್ಟಿಗೆಯನ್ನು ಅವರ ಮುಂದಿಟ್ಟೆ.

ಅವರು ಆ ಪುಡಿಯನ್ನು ಬೆರಳಲ್ಲಿ ತೀಡಿ ನೋಡಿದರು. ಅತ್ತೆ ಟಾರ್ಚ್ ಅಲ್ಲಾಡುವಷ್ಟು ನಕ್ಕರು.

ಹೊಸದನ್ನು ಕೂರಿಸಿ, ವೈರುಗಳನ್ನು ಸೇರಿಸಿ, ಕೇಬಲ್ ಹಾಕಿ ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಗೇ ಇತ್ತು.

"ಆಯ್ತಾ? ಇನ್ನಾದ್ರೂ ಕೊಡು" ಅನ್ನುತ್ತ ಇವರು ಡಬ್ಬ ಎತ್ತಲು ಬಗ್ಗಿದರು.

"ಮುಟ್ಬೇಡಿ!"

ಆ ಮನೆಯಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅವರು ಕೈ ತೆಗೆದರು.

ಮತ್ತೆ ಕೇಬಲ್ ಕಿತ್ತೆ, ಬಟನ್ ಒತ್ತಿ ಹಿಡಿದೆ, ಲೋಹ ಮುಟ್ಟಿದೆ. ಅವಸರಕ್ಕೆ ಒಂದನ್ನೂ ಬಿಡಲಿಲ್ಲ. ಫೋಟೋ ಹಿಗ್ಗಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಪ್ರೊಸೆಸರ್ ಪಕ್ಕದ ಮೂಲೆಯಲ್ಲಿ ನಾಲ್ಕು ಪಿನ್ನಿನ ಒಂದು ಸಣ್ಣ ವೈರ್ ಸೇರಿಸಿರಲಿಲ್ಲ. ಎಡವಟ್ಟು ನನ್ನದೇ. ಕಟಕ್ ಅನ್ನುವ ತನಕ ಒತ್ತಿ, ಕೇಬಲ್ ಹಾಕಿ, ಮತ್ತೆ ಬಟನ್ ಒತ್ತಿದೆ.

ಪರದೆ ಬೆಳಗಿತು. ಫೋಲ್ಡರ್ ತೆರೆದೆ. ಮದುವೆ ಬ್ಲೌಸಿನ ನವಿಲುಗಳು ಒಂದೂ ಕೆಡದೆ ಕೂತಿದ್ದವು. ಅಲ್ಲೇ ಫೋನಿನ ಇಂಟರ್ನೆಟ್ ಜೋಡಿಸಿ ಎಲ್ಲವನ್ನೂ ವನಿತಾ ಮೇಡಂಗೆ ಕಳಿಸಿದೆ. "ಸಖತ್, ಮುಂದಿನ ಆರ್ಡರೂ ನಿಮಗೇ" ಅಂತ ಉತ್ತರ ಬಂತು. ಅದನ್ನು ಜೋರಾಗಿ ಓದಿದೆ, ಎಲ್ಲರಿಗೂ ಕೇಳಲಿ ಅಂತಲೇ.

"ತಗೋ ತಾಯಿ, ತೊಟ್ಕೋ" ಅಂತ ಅತ್ತೆ ಬಳೆ ಹಿಡಿದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಇರಲಿ ಅತ್ತೆ. ಇನ್ನೊಂದು ರಿಪೇರಿ ಇದೆ."

ಗಂಡನ ಕಡೆ ತಿರುಗಿದೆ. "ರೀ, ನನ್ನ ಸ್ಕೂಟಿ ಯಾರಿಗೆ ಮಾರಿದ್ರಿ?"

"ಅದು... ಸರ್ವೀಸಲ್ಲಿ..."

"ಮಾರೋಕ್ ಮುಂಚೆ ನವಿಲಿನ ಸ್ಟಿಕ್ಕರಾದ್ರೂ ಕೀಳ್ಬೇಕಿತ್ತು. ನಾನು ಸಿಗ್ನಲ್ಲಲ್ಲಿ ನೋಡಿದೀನಿ."

ಇವರು ಅಪ್ಪನ ಮುಖ ನೋಡಿದರು. ಮಾವ ಮೇಜಿನ ಮೇಲಿನ ಕುಂಕುಮ ನೋಡುತ್ತಿದ್ದರು. ಅತ್ತೆ ಬಳೆಗಳನ್ನು ಮತ್ತೆ ಮಡಿಲಿಗೆ ಹಾಕಿಕೊಂಡು, ಕುರ್ಚಿ ಎಳೆದು ನನ್ನ ಪಕ್ಕ ಕೂತರು.

"ಕೇಳ್ತಾವ್ಳಲ್ಲ," ಅಂದರು ಮಗನಿಗೆ, "ಹೇಳೋ."