ಬಾಣಂತಿಯ ಅರ್ಥ

ಬೆಟಗೇರಿಯ ಆಫೀಸಿನಲ್ಲಿ ವಾಣಿಶ್ರೀಯ ಕೆಲಸ ಪದಗಳಿಗೆ ಅರ್ಥ ಬರೆಯುವುದು. ನಾಲ್ಕು ಊರುಗಳ ಸುತ್ತಿನ ಗರ್ಭಿಣಿ-ಬಾಣಂತಿಯರಿಗಾಗಿ ಒಂದು ಸಂಸ್ಥೆ ನಡೆಸುತ್ತಿದ್ದ ಸೇವೆ ಅದು. ಕಂಪ್ಯೂಟರಿನೊಳಗೆ ಮೂರು ಪ್ರೋಗ್ರಾಮುಗಳು: ಒಂದು ಹೆರಿಗೆಯ ದಾಖಲೆ ನೋಡುವುದು, ಒಂದು ನರ್ಸನ್ನು ಕಳಿಸುವುದು, ಇನ್ನೊಂದು ಆಸ್ಪತ್ರೆಗೆ ಒಯ್ಯುವ ಗಾಡಿ ಹೊರಡಿಸುವುದು. ಮನುಷ್ಯರ ಹಂಗಿಲ್ಲದೆ ತಮ್ಮತಮ್ಮಲ್ಲೇ ಕೇಳಿ ತೀರ್ಮಾನಿಸುತ್ತಿದ್ದವು. ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕಲ್ಲ, ಅದಕ್ಕೇ ಮೂರಕ್ಕೂ ಒಂದೇ ಅರ್ಥಕೋಶ.

'ಬಾಣಂತಿ'ಗೆ ಅರ್ಥ ಬರೆಯುವ ಮೊದಲು ಶಿಗ್ಲಿಯ ಮುದಿ ಸೂಲಗಿತ್ತಿ ಸುಮಿತ್ರವ್ವನನ್ನು ಕೇಳಿದ್ದಳು.

"ಕೂಸು ಉಳೀಲಿ ಬಿಡ್ಲಿ, ಹಡದಾಕಿ ಬಾಣಂತಿನ ಬಿಡವಾ," ಎಂದಿದ್ದಳು ಮುದುಕಿ.

ವಾಣಿಶ್ರೀ ತಲೆಯಾಡಿಸಿ ಬಂದು, ಈ ಹುಡುಗಿಯ ಜಾಣತನಕ್ಕಿಷ್ಟು ಬೆಂಕಿ ಬೀಳಲಿ, "ಆರು ವಾರದೊಳಗಿನ ಜೀವಂತ ಕೂಸಿನ ತಾಯಿ" ಎಂದು ಬರೆದಳು. ಕೂಸಿನ ದಾಖಲೆಗೆ ತಾಯಿಯನ್ನು ಗಂಟುಹಾಕಿದರೆ ಎಲ್ಲ ಚೊಕ್ಕವಾಗಿರುತ್ತದೆಂಬುದು ಅವಳ ಲೆಕ್ಕ.

ಶಿಗ್ಲಿಯ ಅಫ್ರೀನ ಹಡೆದ ಕೂಸಿಗೆ ಉಸಿರಿರಲಿಲ್ಲ. ಆರನೆಯ ದಿನ ಅವಳಿಗೆ ರಕ್ತ ನಿಲ್ಲದಾದಾಗ ತಾಯಿ ಮೋತಿಬಿ ಫೋನಿನಲ್ಲಿ ಮೂರು ಸಲ ಗಾಡಿ ಕೇಳಿದಳು. ಗಾಡಿಯ ಪ್ರೋಗ್ರಾಮು ದಾಖಲೆಯದನ್ನು ವಿಚಾರಿಸಿತು: ಇವಳು ಬಾಣಂತಿಯೇ? ಅಲ್ಲ. ನರ್ಸಿನದೂ ಅಲ್ಲ ಎಂದಿತು. ಮೂರಕ್ಕೂ ಒಂದೇ ಮಾತು, ವಾಣಿಶ್ರೀ ಕಲಿಸಿದ್ದು. ಕೊನೆಗೆ ಬಾಡಿಗೆಯ ಟಂಟಂ ಆಟೋದಲ್ಲಿ ಲಕ್ಷ್ಮೇಶ್ವರಕ್ಕೆ ಒಯ್ಯುವಾಗ ಅಫ್ರೀನ ದಾರಿಯಲ್ಲೇ ತೀರಿಕೊಂಡಳು.

ಮರುದಿನ ಬೆಳಿಗ್ಗೆ ಸುಮಿತ್ರವ್ವನೇ ಫೋನು ಮಾಡಿ ತಿಳಿಸಿದಳು. ವಾಣಿಶ್ರೀ ತನ್ನ ಆ ಸಾಲನ್ನು ಅಳಿಸಿ, ಮುದುಕಿಯ ಮಾತನ್ನೇ ಬರೆದು, ಶಿಗ್ಲಿಯ ಬಸ್ಸು ಹತ್ತಿದಳು. ತಪ್ಪು ಒಪ್ಪಿಕೊಳ್ಳದೆ ಅವಳಿಗೆ ಇರುವಂತಿರಲಿಲ್ಲ.

ಮೋತಿಬಿಯ ಮನೆಯಲ್ಲಿ ಬಾಣಂತಿಯನ್ನು ಮಲಗಿಸಿದ್ದ ಹೊರಸು ಇನ್ನೂ ಹಾಗೇ ಇತ್ತು. ಅದರ ಕೆಳಗಿನ ಅಗ್ಗಿಷ್ಟಿಕೆಯಲ್ಲಿ ಬೂದಿ ತಣ್ಣಗಾಗಿತ್ತು.

"ಗಾಡಿ ಬರದಂಗ ಆಗಿದ್ದು ನನ್ನಿಂದರಿ," ಎಂದಳು ವಾಣಿಶ್ರೀ. "ಕೂಸು ಇಲ್ಲದಾಕಿ ಬಾಣಂತಿ ಅಲ್ಲಂತ ಬರದಾಕಿ ನಾನ."

ಮೋತಿಬಿ ಅವಳನ್ನೇ ನೋಡಿದಳು. "ಹೌದ್ರಿ? ನನ್ನ ಮಗಳು ಹಡದಿದ್ದಿಲ್ಲೇನ್ರಿ ಬಾಯಾರ?"

ವಾಣಿಶ್ರೀ ಅತ್ತುಬಿಟ್ಟಳು. ಅಷ್ಟರಲ್ಲಿ ಮೋತಿಬಿಯ ಫೋನು ಸದ್ದು ಮಾಡಿತು. ಓದು ಬಾರದ ಅವಳು ಅದನ್ನು ವಾಣಿಶ್ರೀಯ ಕೈಗೆ ಕೊಟ್ಟಳು. ತಳ್ಳಿಹಾಕಿದ್ದ ಕರೆಗಳನ್ನು ಪ್ರೋಗ್ರಾಮುಗಳು ಹೊಸ ಅರ್ಥದ ಪ್ರಕಾರ ಮತ್ತೆ ನೋಡಿದ್ದವು. ಅಫ್ರೀನಳ ಸಾವನ್ನು ಇನ್ನೂ ಯಾರೂ ದಾಖಲಿಸಿರಲಿಲ್ಲ.

"ಬಾಣಂತಿ ಅಫ್ರೀನ ಅವರ ಗಾಡಿ ಊರು ಮುಟ್ಟಿದೆ. ಬಾಗಿಲಲ್ಲಿ ಸಿದ್ಧರಾಗಿರಿ."

"ಏನಂತ ಬಂದೈತ್ರಿ?" ಎಂದು ಕೇಳಿದಳು ಮೋತಿಬಿ. ವಾಣಿಶ್ರೀ ಬಾಯಿ ತೆರೆಯುವ ಮೊದಲೇ ಓಣಿಯಲ್ಲಿ ಹಾರನ್ ಕೇಳಿಸಿತು.